ಓಲ್ಡ್ ಟೌನಿಗೆ ತಿರುಗದ ಬಸ್ಸು

ಬೆಳಕು ಹರಿಯಲು ಇನ್ನೂ ಸ್ವಲ್ಪ ಹೊತ್ತಿದೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಹಾಲಿನ ಬೂತಿನ ಮುಂದೆ ಒಂದಿಬ್ಬರು ನಿಂತಿರುವುದು ಬಿಟ್ಟರೆ ರಸ್ತೆ ಖಾಲಿ. ಟ್ರಸ್ಟೊಂದರ ಕಚೇರಿಯ ಹಿಂದಿನ ಅಂಗಳದಲ್ಲಿ ಜಂಬಣ್ಣ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡು ಬಸ್ಸು ತೊಳೆಯುತ್ತಿದ್ದಾರೆ. ತಿಳಿಗುಲಾಬಿ ಬಣ್ಣದ ಗಾಡಿ. ಮಗ್ಗುಲಲ್ಲಿ ‘ಸ್ತನ ಕ್ಯಾನ್ಸರ್ ತಪಾಸಣೆ, ಮಹಿಳೆಯರಿಗೆ ಉಚಿತ’ ಎಂದು ಆಳೆತ್ತರದ ಅಕ್ಷರಗಳಲ್ಲಿ ಬರೆದಿದೆ. ಅಲ್ಲಿಗೆ ಬಂದಾಗ ಅವರ ಕೈ ನಿಧಾನವಾಗುತ್ತದೆ. ಮೊದಲ ಮೂರು ವರ್ಷ ಆ ಜಾಗವನ್ನು ಅವರು ಮುಖ ತಿರುಗಿಸಿಕೊಂಡೇ ಒರೆಸುತ್ತಿದ್ದರಂತೆ.

‘ಈಗ ನೋಡ್ಕೊಂಡೇ ಒರೆಸ್ತೀನಿ ಸಾರ್. ಆದ್ರೂ ಒಳಗೆ ಏನೋ ಚುಚ್ಚುತ್ತೆ. ಅದು ಹೋಗಿಲ್ಲ.’

ಐವತ್ತು ದಾಟಿದ ಜಂಬಣ್ಣ ಈ ಬಸ್ಸಿನ ಚಾಲಕ. ಆಸ್ಪತ್ರೆಗೆ ಹೋಗಲು ಪುರುಸೊತ್ತಿಲ್ಲದ, ಕೈಯಲ್ಲಿ ಕಾಸಿಲ್ಲದ, ಇದ್ದರೂ ಇಂಥದ್ದಕ್ಕೆಲ್ಲ ಡಾಕ್ಟರ ಹತ್ತಿರ ಹೋಗುವುದೇ ಎಂದು ಹಿಂಜರಿಯುವ ಹೆಂಗಸರ ಮನೆ ಬಾಗಿಲಿಗೇ ಪರೀಕ್ಷೆಯ ಯಂತ್ರವನ್ನು ಒಯ್ಯುವುದು ಬಸ್ಸಿನ ಕೆಲಸ. ಒಳಗೆ ಎರಡು ಹಲಗೆಗಳ ನಡುವೆ ಎದೆಯನ್ನು ಒತ್ತಿ ಹಿಡಿದು ಎಕ್ಸ್‌ರೇ ತೆಗೆಯುತ್ತಾರೆ. ತೆಗೆಯುವವರು ಸುಷ್ಮಾ, ಹತ್ತು ವರ್ಷ ಆಸ್ಪತ್ರೆಯೊಂದರ ಎಕ್ಸ್‌ರೇ ಕೋಣೆಯಲ್ಲಿ ದುಡಿದು ಬಂದವರು, ಬಸ್ಸಿನ ಮಟ್ಟಿಗೆ ಅವರೇ ಮೇಲಧಿಕಾರಿ. ವಾರಕ್ಕೆ ನಾಲ್ಕು ದಿನ ಓಡಾಟ, ದಿನಕ್ಕೆ ಮೂವತ್ತರಿಂದ ನಲವತ್ತು ಹೆಂಗಸರು. ಅವರಲ್ಲಿ ಎಲ್ಲೋ ಒಬ್ಬಿಬ್ಬರನ್ನು ಮತ್ತೆ ಕರೆಯಬೇಕಾಗುತ್ತದೆ. ಆ ಫೋನು ಮಾಡುವುದೂ ಸುಷ್ಮಾ ಅವರೇ.

ಗಾಡಿ ಓಡಿಸುವುದರ ಜೊತೆಗೆ ಜಂಬಣ್ಣನವರಿಗೆ ಇನ್ನೊಂದು ಕೆಲಸವಿದೆ. ಬಸ್ಸನ್ನು ನೆಲ ಮಟ್ಟಸವಾಗಿರುವ ಜಾಗದಲ್ಲಿ, ಬಾಗಿಲು ರಸ್ತೆಗೆ ಕಾಣದ ಹಾಗೆ ಗೋಡೆಯ ಕಡೆಗೆ ಮಾಡಿ ನಿಲ್ಲಿಸಬೇಕು. ಕರೆಂಟು ಹೋದ ಕೂಡಲೇ ಜನರೇಟರ್ ಶುರು ಮಾಡಬೇಕು. ಉಳಿದ ಹೊತ್ತು ಗೇಟಿನ ಆಚೆ ಇದ್ದು, ಇಣುಕಲು ಬರುವ ಗಂಡಸರನ್ನು ಉಪಾಯವಾಗಿ ಸಾಗಹಾಕಬೇಕು. ‘ಕ್ಯಾಬಿನ್ನಲ್ಲಿ ಒಬ್ಬ ಗಂಡಸು ಕೂತಿದಾನೆ ಅಂದ್ರೆ ಹೆಂಗಸ್ರು ಮೆಟ್ಲು ಹತ್ತಲ್ಲ ಸಾರ್. ಅದಕ್ಕೆ ಗಾಡಿ ನಿಲ್ಸಿ ಕೀಲಿ ಮೇಡಂ ಕೈಗೆ ಕೊಟ್ಟು ದೂರ ಹೋಗಿಬಿಡ್ತೀನಿ’ ಎನ್ನುತ್ತಾರೆ. ಬಿಸಿಲಲ್ಲಿ, ಮಳೆಯಲ್ಲಿ, ಯಾವುದೋ ಟೀ ಅಂಗಡಿಯ ಬೆಂಚಿನ ಮೇಲೆ ಅವರ ದಿನ ಕಳೆಯುತ್ತದೆ.

ಇದಕ್ಕೂ ಮುಂಚೆ ಜಂಬಣ್ಣ ಶಿವಮೊಗ್ಗ–ಭದ್ರಾವತಿ ನಡುವೆ ಖಾಸಗಿ ಬಸ್ಸು ಓಡಿಸುತ್ತಿದ್ದರು. ಇಪ್ಪತ್ತೆರಡು ವರ್ಷ. ಹೊಳೆ ದಾಟುವಾಗ ಹಾರನ್ನು ಕೇಳಿಯೇ ‘ಜಂಬಣ್ಣನ ಗಾಡಿ ಬಂತು’ ಎಂದು ಗುರುತಿಸುವ ಜನ ಇದ್ದರು. ಕಾರ್ಖಾನೆಯ ಶಿಫ್ಟಿನವರು, ಮಾರುಕಟ್ಟೆಗೆ ಸೊಪ್ಪು ತರುವವರು, ಕಾಲೇಜಿನ ಹುಡುಗಿಯರು, ಎಲ್ಲರಿಗೂ ಬೇಕಾದವರು. ಬಸ್ ನಿಲ್ದಾಣದ ಹೋಟೆಲಿನಲ್ಲಿ ಅವರಿಗೆಂದೇ ಒಂದು ಕುರ್ಚಿ. ಮಾಲೀಕರು ಬಸ್ಸು ಮಾರಿದ ಮೇಲೆ ಆ ಕುರ್ಚಿಯೂ ಹೋಯಿತು. ಆರು ತಿಂಗಳು ಮನೆಯಲ್ಲಿ ಕೂತರು. ಆಗ ಪರಿಚಯದವರೊಬ್ಬರು, ‘ಟ್ರಸ್ಟಿನದ್ದೊಂದು ಆರೋಗ್ಯದ ಗಾಡಿ ಇದೆ, ಹೋಗ್ತೀಯಾ?’ ಎಂದರು. ಒಪ್ಪಿ ಬಂದರು. ಯಾವ ಆರೋಗ್ಯ ಎಂಬುದು ತಿಳಿದದ್ದು ಅಂಗಳಕ್ಕೆ ಬಂದು ಬಸ್ಸಿನ ಮೇಲಿನ ಅಕ್ಷರ ಓದಿದಾಗ.

‘ಕಾಲು ಹಿಂದಕ್ಕೆ ಬಂತು. ಆದ್ರೆ ವಾಪಸ್ ಹೋಗೋ ಹಂಗಿರ್ಲಿಲ್ಲ. ಮಗಳು ಓದ್ತಿದ್ಲು.’

ಅವತ್ತು ಸಂಜೆ ಗೋಪಾಳದ ಮನೆಗೆ ಬಂದಾಗ ಹೆಂಡತಿ ಜಗದಾಂಬಾ ಕಾಫಿ ಲೋಟ ಕೈಗಿಡುತ್ತ, ‘ಎಂಥಾ ಗಾಡಿ ರೀ?’ ಎಂದು ಕೇಳಿದರು. ಜಂಬಣ್ಣನ ಬಾಯಿಗೆ ಆ ಮಾತು ಬರಲಿಲ್ಲ. ಪಕ್ಕದಲ್ಲಿ ಮಗಳು ಅಕ್ಷರಾ ಬೇರೆ ಕೂತಿದ್ದಳು. ‘ಕಣ್ಣು ಪರೀಕ್ಷೆ ಮಾಡೋ ಗಾಡಿ’ ಎಂದುಬಿಟ್ಟರು.

ಬಾಯಿ ತಪ್ಪಿ ಬಂದ ಸುಳ್ಳು ಬೀದಿಯೆಲ್ಲ ಹಬ್ಬಿತು. ಎದುರು ಮನೆಯವರು, ‘ನಮ್ಮಪ್ಪನಿಗೊಂದು ಕನ್ನಡಕ ಕೊಡ್ಸಿ ಜಂಬಣ್ಣ’ ಎಂದು ಕೇಳಿದರು. ಇಲ್ಲವೆನ್ನಲಾಗದೆ ಅಂಗಡಿಯಲ್ಲಿ ಒಂದು ಓದುವ ಕನ್ನಡಕ ಕೊಂಡು, ‘ಟ್ರಸ್ಟಿನೋರು ಕೊಟ್ರು’ ಎಂದು ತಂದುಕೊಟ್ಟರು. ಅದನ್ನು ನೋಡಿ ಮತ್ತೆ ಮೂವರು ಬಂದರು. ಜಂಬಣ್ಣ ಈಗ ಇದನ್ನು ಹೇಳುವಾಗ ನಗಲು ನೋಡುತ್ತಾರೆ, ನಗು ಅರ್ಧಕ್ಕೇ ನಿಂತುಹೋಗುತ್ತದೆ.

ಸಿಕ್ಕಿಬೀಳುವ ಭಯ ಇದ್ದೇ ಇತ್ತು. ಒಮ್ಮೆ ಭದ್ರಾವತಿಯ ಕಾರ್ಖಾನೆ ಕಾಲೊನಿಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬ ಬಸ್ಸಿನ ಮೇಲಿನ ಅಕ್ಷರಗಳನ್ನೂ ಜಂಬಣ್ಣನನ್ನೂ ಮೇಲಿಂದ ಕೆಳಗೆ ನೋಡಿ ಕಣ್ಣು ಮಿಟುಕಿಸಿದ: ‘ಏನ್ ಮಾರಾಯ, ಈ ವಯಸ್ಸಲ್ಲಿ ಒಳ್ಳೇ ಗಾಡಿ ಹಿಡ್ದಿದೀಯಲ್ಲ!’

‘ನಾನೇನ್ ಮಾಡ್ದೆ ಗೊತ್ತಾ ಸಾರ್? ನಾನೂ ನಕ್ಕೆ. ಒಳಗೆ ನಮ್ಮಕ್ಕನ ವಯಸ್ಸಿನೋರು ಅಳ್ತಾ ನಿಂತಿದ್ರು. ನಾನು ಹೊರಗೆ ನಿಂತು ಅವನ ಜೊತೆ ನಕ್ಕೆ.’

ಭದ್ರಾವತಿಯ ಓಲ್ಡ್ ಟೌನ್ ಅವರಿಗೆ ಎಲ್ಲಕ್ಕಿಂತ ಕಷ್ಟದ ಜಾಗವಾಗಿತ್ತು. ಅದು ಜಗದಾಂಬಾ ಅವರ ತವರು. ಅತ್ತೆ ಕಲ್ಲಮ್ಮ ಈಗಲೂ ಅಲ್ಲೇ ಇದ್ದಾರೆ. ಭಾವಮೈದುನಂದಿರ ಅಂಗಡಿ, ನೆಂಟರಿಷ್ಟರು, ಮಠದ ಪರಿಚಯದವರು ಎಲ್ಲ ಅಲ್ಲೇ. ಅಳಿಯನೆಂದು ಎದ್ದು ನಿಂತು ಮರ್ಯಾದೆ ಕೊಡುವ ಬೀದಿ. ಅಲ್ಲಿಗೆ ಈ ಬಸ್ಸು ತೆಗೆದುಕೊಂಡು ಹೋಗಿ ನಿಲ್ಲಿಸುವುದನ್ನು ನೆನೆದರೇ ಜಂಬಣ್ಣನ ಮೈ ಬೆವರುತ್ತಿತ್ತು. ಸುಷ್ಮಾ ಮೊದಲ ಸಲ ಓಲ್ಡ್ ಟೌನಿನ ಮಾತೆತ್ತಿದಾಗ ಅವರು, ‘ಅಲ್ಲಿ ರಸ್ತೆ ಚಿಕ್ಕದು ಮೇಡಂ, ನಮ್ ಗಾಡಿ ತಿರುಗಲ್ಲ’ ಎಂದರು. ಆ ದಾರಿಯಲ್ಲಿ ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವರ ಮಾತು. ಸುಷ್ಮಾ ನಂಬಿದರು. ಎರಡನೇ ಸಲವೂ ನಂಬಿದರು. ಆಮೇಲೆ ಕೇಳುವುದನ್ನೇ ಬಿಟ್ಟರು.

ಆ ದಿನಗಳಲ್ಲೇ ಒಂದು ಸಂಜೆ, ಕಾಲೊನಿಯಲ್ಲಿ ಕೆಲಸ ಮುಗಿಸಿ ಮೆಟ್ಟಿಲು ಎತ್ತಿ ಒಳಗಿಡುತ್ತಿದ್ದಾಗ ಹೆಂಗಸೊಬ್ಬರು ಏದುಸಿರು ಬಿಡುತ್ತ ಬಂದರು. ಓಲ್ಡ್ ಟೌನಿನ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವವರು, ಹೆಸರು ಮಾಸ್ತಮ್ಮ. ವ್ಯಾಪಾರ ಮುಗಿಸಿ ಅಲ್ಲಿಂದ ನಡೆದೇ ಬಂದಿದ್ದರು. ಯಂತ್ರ ಆರಿಸಿಯಾಗಿತ್ತು, ಸುಷ್ಮಾ ಒಳಗೆ ಬೀಗ ಹಾಕುತ್ತಿದ್ದರು.

‘ನಮ್ ಕಡೆ ಯಾವಾಗ ಬರ್ತೀರಣ್ಣ?’ ಎಂದು ಮಾಸ್ತಮ್ಮ ಕೇಳಿದರು.

‘ಅಲ್ಲಿ ಗಾಡಿ ತಿರುಗಲ್ಲಮ್ಮ.’

‘ಹೌದಾ?’ ಎಂದು ಅವರು ಸ್ವಲ್ಪ ಹೊತ್ತು ಬಸ್ಸನ್ನೇ ನೋಡಿದರು. ಆಮೇಲೆ ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಬಂದ ದಾರಿಯಲ್ಲೇ ಹೊರಟರು. ಯಾಕೆ ಬಂದಿರಿ, ಏನಾಗಿದೆ ಎಂದು ಜಂಬಣ್ಣ ಕೇಳಲಿಲ್ಲ. ಹೆಂಗಸರನ್ನು ಅದೆಲ್ಲ ಕೇಳುವುದು ತಮ್ಮ ಕೆಲಸವಲ್ಲ ಎಂದುಕೊಂಡರು.

ಒಂದು ವರ್ಷದ ಮೇಲೆ, ಮಾಘ ಮಾಸದಲ್ಲಿ, ಓಲ್ಡ್ ಟೌನಿನ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ನೇರವಾಗಿ ಸುಷ್ಮಾ ಅವರಿಗೇ ಫೋನ್ ಮಾಡಿದರು. ನಮ್ಮ ಶಾಲೆಯ ಮೈದಾನ ಕೊಡುತ್ತೇವೆ, ಗ್ಯಾಸ್ ಲಾರಿಯೇ ಬಂದು ತಿರುಗಿಸಿಕೊಂಡು ಹೋಗುತ್ತದೆ, ನಿಮ್ಮ ಬಸ್ಸಿಗೇನು ಕಷ್ಟ ಎಂದರು. ಬಸ್ಸು ಹೋಗಬೇಕಾದ ದಿನ ಜಂಬಣ್ಣ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು, ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಹೊರಟರು. ‘ಜ್ವರವಾ ಜಂಬಣ್ಣ?’ ಎಂದು ಸುಷ್ಮಾ ಕೇಳಿದ್ದಕ್ಕೆ ಹೌದೆಂದರು. ಬಸ್ಸು ಓಲ್ಡ್ ಟೌನಿನ ಬೀದಿಯಲ್ಲಿ ಸಲೀಸಾಗಿ ತಿರುಗಿತು. ಕಿಟಕಿಯಾಚೆ ರಸ್ತೆಯ ಅಗಲವನ್ನು ಸುಷ್ಮಾ ನೋಡುತ್ತಿರುವುದು ಜಂಬಣ್ಣನಿಗೆ ಓರೆಗಣ್ಣಲ್ಲಿ ಕಾಣುತ್ತಿತ್ತು.

ಬಾಗಿಲನ್ನು ಶಾಲೆಯ ಗೋಡೆಯ ಕಡೆಗೆ ಮಾಡಿ ನಿಲ್ಲಿಸಿ, ಶಾಲೆಯಿಂದ ಕರೆಂಟಿನ ವೈರು ಎಳೆದು, ಅವರು ಗೇಟಿನ ಎದುರಿನ ಟೀ ಅಂಗಡಿಗೆ ಹೋಗಿ ಕುಳಿತರು. ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಹನ್ನೊಂದರ ಸುಮಾರಿಗೆ ಗೇಟಿನೊಳಗೆ ಹೋದ ಇಬ್ಬರನ್ನು ಕಂಡು ಜಂಬಣ್ಣ ಟೀ ಲೋಟವನ್ನು ಕೆಳಗಿಟ್ಟರು. ಒಬ್ಬರು ಅತ್ತೆ ಕಲ್ಲಮ್ಮ. ಅವರ ಕೈ ಹಿಡಿದುಕೊಂಡು, ತಲೆಯ ಮೇಲೆ ಸೆರಗು ಹೊದ್ದು ನಡೆಯುತ್ತಿದ್ದವರು ಜಗದಾಂಬಾ. ‘ಅಮ್ಮನಿಗೆ ಮೈ ಹುಷಾರಿಲ್ಲ, ಎರಡು ದಿನ ಇದ್ದು ಬರ್ತೀನಿ’ ಎಂದು ಹಿಂದಿನ ದಿನವಷ್ಟೇ ತವರಿಗೆ ಬಂದಿದ್ದರು.

ಅತ್ತೆಯನ್ನು ಪರೀಕ್ಷೆಗೆ ಕರೆತಂದಿರಬೇಕು ಎಂದುಕೊಂಡರು ಜಂಬಣ್ಣ. ಎದ್ದು ಅಂಗಡಿಯ ಹಿಂಬದಿಗೆ, ಸೌದೆ ಒಟ್ಟಿದ್ದ ಕಡೆ ಹೋಗಿ ನಿಂತರು. ಅಲ್ಲಿಂದ ಇಣುಕಿ ನೋಡಿದರೆ, ಮೈದಾನದ ಬೆಂಚಿನ ಮೇಲೆ ಕುಳಿತು ಸುಧಾರಿಸಿಕೊಳ್ಳುತ್ತಿದ್ದವರು ಕಲ್ಲಮ್ಮ. ಸರದಿಯಲ್ಲಿ ನಿಂತಿದ್ದವರು ಜಗದಾಂಬಾ.

ಅಷ್ಟರಲ್ಲಿ ಕರೆಂಟು ಹೋಯಿತು.

‘ಜಂಬಣ್ಣಾ!’ ಬಸ್ಸಿನ ಬಾಗಿಲಿನಿಂದ ಸುಷ್ಮಾ ಕೂಗಿದರು. ಜನರೇಟರ್ ಇದ್ದದ್ದು ಬಸ್ಸಿನ ಹಿಂಭಾಗದಲ್ಲಿ, ಸರದಿಯ ಪಕ್ಕದಲ್ಲೇ. ಜಂಬಣ್ಣ ಅಲುಗಲಿಲ್ಲ. ಸುಷ್ಮಾ ಮತ್ತೆ ಕೂಗಿದರು. ಒಳಗೆ ಯಾರೋ ಎದೆಯ ಮೇಲೆ ಬಟ್ಟೆಯಿಲ್ಲದೆ ಕತ್ತಲಲ್ಲಿ ನಿಂತಿದ್ದಾರೆ, ಏಸಿ ನಿಂತು ಉಸಿರುಗಟ್ಟುತ್ತಿರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸೌದೆಯ ಹಿಂದೆಯೇ ನಿಂತಿದ್ದರು. ಕೊನೆಗೆ ಟೀ ಅಂಗಡಿಯವನೇ ಬಂದು, ‘ನಿಮ್ಮನ್ನೇ ಅಲ್ವೇನ್ರೀ ಕರೀತಿರೋದು? ಇಲ್ಲೇನ್ ಮಾಡ್ತಿದೀರ?’ ಎಂದ.

ತಲೆ ತಗ್ಗಿಸಿಕೊಂಡೇ ರಸ್ತೆ ದಾಟಿದರು. ಟವೆಲನ್ನು ಮೂಗಿನವರೆಗೆ ಎಳೆದುಕೊಂಡು ಜನರೇಟರ್ ಮುಂದೆ ಬಗ್ಗಿದರು. ಒಂದೆರಡು ಸಲ ಹತ್ತಲಿಲ್ಲ. ಹತ್ತಿದ ಮೇಲೆ ಎದ್ದು ನಿಂತು ತಿರುಗಿದರೆ ಎದುರಿಗೆ ಹೆಂಡತಿ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಬೆನ್ನು ಗುರುತಾಗದಿರಲು ಟವೆಲ್ಲು ಸಾಕೇ?

‘ನೀವಾ?’

‘ಹ್ಞೂಂ.’

‘ಕಣ್ಣಿನ ಗಾಡಿ ಅಂದಿದ್ರಿ?’

ಜಂಬಣ್ಣ ‘ನೀನ್ಯಾಕ್ ಇಲ್ಲಿ?’ ಎಂದರು. ಜಗದಾಂಬಾ ಸೆರಗನ್ನು ಎರಡೂ ಕೈಯಿಂದ ಎದೆಯ ಮೇಲೆ ಎಳೆದುಕೊಂಡರು. ಬೆಂಚಿನಿಂದ ಕಲ್ಲಮ್ಮ ತಡೆಯಲಾರದೆ ಅಂದರು: ‘ಅವಳಿಗೆ ಗಂಟಿದೆ ಅಳಿಯಂದ್ರೇ. ದೀಪಾವಳಿ ಎಣ್ಣೆನೀರಿನ ದಿನ ಕೈಗೆ ಸಿಕ್ತಂತೆ. ನಿಮಗೆ ಗೊತ್ತಾಗೋದು ಬೇಡ, ಇಲ್ಲೇ ತೋರಿಸ್ಕೊಂಡು ಬರ್ತೀನಿ ಅಂತ ಬಂದ್ಲು.’

ಆಗಲೇ ಬಸ್ಸಿನ ಮೆಟ್ಟಿಲಿಳಿದು ಬಂದವರು ಮಾಸ್ತಮ್ಮ. ಕತ್ತಲಲ್ಲಿ ನಿಂತಿದ್ದವರು ಅವರೇ. ಗಂಟು ಒಡೆದು ಹುಣ್ಣಾಗಿತ್ತು. ಯಂತ್ರಕ್ಕೆ ಹಾಕುವ ಹಂತ ದಾಟಿತ್ತು. ಸುಷ್ಮಾ ಅದನ್ನು ತೊಳೆದು ಬಟ್ಟೆ ಕಟ್ಟುತ್ತಿದ್ದಾಗ ಕರೆಂಟು ಹೋಗಿತ್ತು. ಮಾಸ್ತಮ್ಮ ಜಂಬಣ್ಣನ ಮುಖ ನೋಡಿದರು. ಟವೆಲ್ಲು ಅಷ್ಟೊತ್ತಿಗೆ ಜಾರಿತ್ತು.

‘ನೀವೇ ಅಲ್ವಾ ಅವತ್ತು ಕಾಲೊನೀಲಿ ಇದ್ದಿದ್ದು? ಗಾಡಿ ತಿರುಗಲ್ಲ ಅಂದಿದ್ರಿ’ ಎಂದರು. ಆಮೇಲೆ ಬಸ್ಸನ್ನೊಮ್ಮೆ, ರಸ್ತೆಯನ್ನೊಮ್ಮೆ ನೋಡಿ, ‘ತಿರುಗ್ತಲ್ಲಣ್ಣ’ ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಒಳ್ಳೆಯದಾಯಿತು, ಅಂತೂ ತಿರುಗಿತಲ್ಲ ಎಂಬ ಹಾಗಿತ್ತು. ‘ಬೈದಿದ್ರೆ ತಡ್ಕೊಳ್ತಿದ್ದೆ ಸಾರ್’ ಎನ್ನುತ್ತಾರೆ ಜಂಬಣ್ಣ. ಬಾಗಿಲಲ್ಲಿ ನಿಂತಿದ್ದ ಸುಷ್ಮಾ ಕೇಳಿಸಿಕೊಂಡರು. ಜಗದಾಂಬಾ ಕೇಳಿಸಿಕೊಂಡರು. ಕೇಳಿಸಿಕೊಂಡು ಸರದಿ ಬಿಟ್ಟು ಶಾಲೆಯ ಜಗುಲಿಯ ಕಡೆ ನಡೆದುಬಿಟ್ಟರು.

ಜಂಬಣ್ಣ ಹಿಂದೆಯೇ ಹೋದರು. ಜಗುಲಿಯ ಕಂಬಕ್ಕೆ ಒರಗಿ ನಿಂತ ಹೆಂಡತಿಗೆ ದಿನವೂ ಗೇಟಿನವರೆಗೆ ಬಂದು ಹೆದರಿ ಹಿಂದೆ ಸರಿಯುವ ಹೆಂಗಸರಿಗೆ ಹೇಳುವುದನ್ನೇ ಹೇಳಿದರು: ‘ಹೋಗು ಒಳಗೆ. ಏನೂ ಆಗಲ್ಲ. ಅಲ್ಲಿ ಮೇಡಂ ಒಬ್ರೇ ಇರ್ತಾರೆ. ಯಾವ ಗಂಡಸೂ ಹತ್ರ ಬರಲ್ಲ, ಗೇಟಲ್ಲಿ ನಾನಿರ್ತೀನಿ.’

‘ದಿನಾ ಎಷ್ಟ್ ಜನಕ್ಕೆ ಹಿಂಗೆ ಹೇಳ್ತೀರಿ?’

‘ಬರೋರಿಗೆಲ್ಲ.’

‘ನನಗೊಬ್ಳಿಗೆ ಹೇಳ್ಲಿಲ್ಲ’ ಎಂದರು ಜಗದಾಂಬಾ. ಕಣ್ಣೊರೆಸಿಕೊಂಡು ಒಬ್ಬರೇ ಬಸ್ಸಿನ ಕಡೆ ಹೋದರು. ಜಂಬಣ್ಣ ಗೇಟಿಗೆ ಹೋಗಿ ನಿಂತರು. ಬೆನ್ನು ಬಸ್ಸಿನ ಕಡೆಗಿತ್ತು. ಅವತ್ತು ಮೊದಲ ಸಲ ಒಳಗೇನಾಗುತ್ತದೆ ಎಂಬುದನ್ನು ಯೋಚಿಸಿದರು. ತಣ್ಣನೆಯ ಹಲಗೆ. ‘ಉಸಿರು ಹಿಡೀರಿ’ ಎನ್ನುವ ಸುಷ್ಮಾ. ಮೂರು ವರ್ಷ ಓಡಿಸಿದ ಬಸ್ಸು ಅದು.

ಸಂಜೆ ಶಿವಮೊಗ್ಗಕ್ಕೆ ವಾಪಸು ಬರುವಾಗ ಸುಷ್ಮಾ ಮುಂದಿನ ಸೀಟಿನಲ್ಲಿದ್ದರು. ಹೊಳೆ ದಾಟಿದ ಮೇಲೆ ಜಂಬಣ್ಣ ತಾವಾಗಿಯೇ ಬಾಯಿಬಿಟ್ಟರು. ರಸ್ತೆ ಯಾವತ್ತೂ ಚಿಕ್ಕದಿರಲಿಲ್ಲ, ಅತ್ತೆ ಮನೆಯವರು ನೋಡುತ್ತಾರೆಂದು ಸುಳ್ಳು ಹೇಳಿದೆ ಎಂದರು. ನಾಳೆಯಿಂದ ಬರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದೂ ಸೇರಿಸಿದರು. ದುರ್ಗಿಗುಡಿಯ ಅಂಗಳಕ್ಕೆ ಬಂದು ಗಾಡಿ ನಿಂತ ಮೇಲೆ ಸುಷ್ಮಾ ಅಂದರು: ‘ನನಗೆ ಬೈಯೋಕೆ ಬಾಯಿ ಬರ್ತಿಲ್ಲ ಜಂಬಣ್ಣ. ನೀವು ಬಿಟ್ಟು ಹೋದ್ರೆ ನಿಮಗೊಬ್ರಿಗೆ ಹಗುರಾಗುತ್ತೆ ಅಷ್ಟೆ. ನಾಳೆ ಬನ್ನಿ. ಬಂದು, ಇನ್ನೂ ಎಲ್ಲೆಲ್ಲಿಗೆ ನಾವು ಹೋಗಿಲ್ಲ ಅಂತ ನೀವೇ ಹೇಳಿ.’

ವಾರದೊಳಗೆ ಜಗದಾಂಬಾ ಅವರಿಗೆ ಫೋನು ಬಂತು. ಸೂಜಿ ಹಾಕಿ ಪರೀಕ್ಷಿಸಿದಾಗ ಕ್ಯಾನ್ಸರ್ ಎಂದೇ ಖಚಿತವಾಯಿತು. ಗಂಟು ಚಿಕ್ಕದಿತ್ತು, ಬೇರೆಡೆಗೆ ಹಬ್ಬಿರಲಿಲ್ಲ. ಶಿವಮೊಗ್ಗದಲ್ಲೇ ಆಪರೇಷನ್ ಆಯಿತು. ಆಮೇಲೆ ತಿಂಗಳುಗಟ್ಟಲೆ ಔಷಧದ ಡ್ರಿಪ್ಪು. ಆಸ್ಪತ್ರೆಗೆ ಜೊತೆಗೆ ಹೋಗುತ್ತಿದ್ದವಳು ಅಕ್ಷರಾ. ‘ಅಪ್ಪ ಬರೋದು ಬೇಡ’ ಎಂದು ಅಮ್ಮ ಹೇಳಿದ್ದಳೆಂದು ಮಗಳು ತಂದೆಗೆ ತಿಳಿಸಿದಳು. ಜಂಬಣ್ಣ ಆಸ್ಪತ್ರೆಯ ಗೇಟಿನ ಹೊರಗೆ ಸ್ಕೂಟರಿನ ಮೇಲೆ ಕೂತು ಕಾಯುತ್ತಿದ್ದರು.

ಜಗದಾಂಬಾ ಈಗ ಗುಣಮುಖ. ಉದುರಿದ ಕೂದಲು ಮತ್ತೆ ಬಂದು ಕಿವಿ ಮುಚ್ಚುವಷ್ಟಾಗಿದೆ. ಗೋಪಾಳದ ಮನೆಯಲ್ಲಿ ಮಾತಿಗೆ ಸಿಕ್ಕಾಗ ಅವರು ಏನನ್ನೂ ಮುಚ್ಚಿಡುವುದಿಲ್ಲ. ‘ಟಿ.ವಿ.ಲಿ ಹೆಂಗಸ್ರ ವಿಷ್ಯ ಬಂದ್ರೆ ಎದ್ದು ಹೋಗೋರು ಇವ್ರು. ಅಂಥೋರ ಹತ್ರ ಎದೇಲಿ ಗಂಟಿದೆ ಅಂತ ಹೆಂಗ್ ಹೇಳ್ಲಿ ಹೇಳಿ? ನಂಗೂ ನಾಚಿಕೆ. ನಾಲ್ಕು ತಿಂಗಳು ನಾಚ್ಕೊಂಡೇ ಕೂತಿದ್ದೆ’ ಎನ್ನುತ್ತಾರೆ. ಗಂಡನನ್ನು ಕ್ಷಮಿಸಿದ್ದೀರಾ ಎಂದರೆ ಕೈಯಲ್ಲಿದ್ದ ಬಟ್ಟೆ ಮಡಚಿ ಪಕ್ಕಕ್ಕಿಡುತ್ತಾರೆ. ‘ನಂದು ಬಿಡಿ. ನಾನು ಇದೀನಲ್ಲ. ಆ ಮಾಸ್ತಮ್ಮಂದು ಯಾರು ಕ್ಷಮಿಸ್ಬೇಕು?’

ಮಾಸ್ತಮ್ಮ ಉಳಿಯಲಿಲ್ಲ. ರೋಗ ಮೂಳೆಗೆ ಇಳಿದಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಕೊಂಡರು. ಸುದ್ದಿ ತಿಳಿದು ಜಂಬಣ್ಣ ಒಬ್ಬರೇ ಓಲ್ಡ್ ಟೌನಿಗೆ ಹೋದರು. ಮಾಸ್ತಮ್ಮನ ಮಗ ನಿಶಾಂತ್ ಆಟೊ ಓಡಿಸುತ್ತಾನೆ. ‘ನಿಮ್ ಗಾಡಿ ಬಂದಿದ್ದಕ್ಕೇ ಕಾಯಿಲೆ ಏನು ಅಂತಾದ್ರೂ ಗೊತ್ತಾಯ್ತಣ್ಣ. ಇಲ್ಲದಿದ್ರೆ ಅಮ್ಮ ಹೇಳ್ತಾನೇ ಇರ್ಲಿಲ್ಲ’ ಎಂದು ಕೈಮುಗಿದು, ಕುರ್ಚಿ ಹಾಕಿ, ಟೀ ತರಿಸಿ ಕೊಟ್ಟ. ಜಂಬಣ್ಣ ಲೋಟ ಕೆಳಗಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವತ್ತು ಮಾಸ್ತಮ್ಮ ಬಂದು ಕೇಳಿದ್ದು, ತಾವು ಹೇಳಿದ ಸುಳ್ಳು, ಅದರ ಕಾರಣ.

ನಿಶಾಂತ್ ಕೂಗಾಡಲಿಲ್ಲ. ‘ಅವತ್ತು ನಡ್ಕೊಂಡು ಹೋಗಿ ಬಂದು ಕಾಲು ನೋವು ಅಂತ ಮಲಗಿಬಿಟ್ಳು. ಎಲ್ಲಿಗೆ ಹೋಗಿದ್ದೆ ಅಂದ್ರೆ ಹೇಳ್ಲಿಲ್ಲ’ ಎಂದ. ಟೀ ಲೋಟ ಎತ್ತಿಕೊಂಡು, ‘ನೀವಿನ್ನು ಹೊರಡಿ’ ಎಂದ.

‘ಹೇಳ್ದೇ ಬಂದಿದ್ರೆ ಅವನು ಕೈಮುಗಿದಿದ್ದನ್ನೂ ತಗೊಂಡು ಬಂದಂಗಾಗ್ತಿತ್ತು ಸಾರ್. ಹೇಳಿ ಅವನ ಹೊಟ್ಟೆಗೆ ಬೆಂಕಿ ಇಟ್ಟು ಬಂದೆ. ಯಾವುದು ಸರಿ ಅಂತ ಇವತ್ತಿಗೂ ಗೊತ್ತಿಲ್ಲ ನಂಗೆ’ ಎನ್ನುತ್ತಾರೆ ಜಂಬಣ್ಣ.

ಈಗ ಬಸ್ಸು ಎಲ್ಲಿಗೆ ಹೋಗಬೇಕೆಂಬುದನ್ನು ಸುಷ್ಮಾ ಅವರೊಡನೆ ಕೂತು ಜಂಬಣ್ಣ ಗೊತ್ತುಮಾಡುತ್ತಾರೆ. ಇಪ್ಪತ್ತೆರಡು ವರ್ಷ ಯಾವ ಯಾವ ನಿಲ್ದಾಣದಲ್ಲಿ ಯಾರು ಹತ್ತುತ್ತಿದ್ದರು, ಎಲ್ಲಿ ಇಳಿಯುತ್ತಿದ್ದರು ಎಂಬುದು ನೆನಪಿನಲ್ಲಿದೆ. ಬೀಡಿ ಕಟ್ಟುವವರ ಓಣಿ, ಇಟ್ಟಿಗೆ ಗೂಡಿನ ಶೆಡ್ಡುಗಳು, ಅಡಿಕೆ ಸುಲಿಯಲು ಬಂದವರು ಬೀಡುಬಿಡುವ ಬಯಲು ಎಲ್ಲ ಕಡೆಗೂ ಬಸ್ಸು ಹೋಗಿ ಬಂದಿದೆ. ಓಲ್ಡ್ ಟೌನಿಗೆ ಆಮೇಲೆ ಎರಡು ಸಲ ಹೋಗಿದೆ. ಭಾವಮೈದುನರ ಅಂಗಡಿಯ ಮುಂದಿನಿಂದಲೇ ಹೋಗಬೇಕು. ಅವರಲ್ಲಿ ಒಬ್ಬರು ಈಗಲೂ ಮುಖ ಕೊಟ್ಟು ಮಾತಾಡುವುದಿಲ್ಲ. ‘ನಮ್ ತಂಗಿ ವಿಷ್ಯ ಬೀದಿಗೆ ತಂದ್ರಿ’ ಎಂಬುದು ಅವರ ಸಿಟ್ಟು.

ಬಸ್ಸು ಹೋಗುವ ಹಿಂದಿನ ಸಂಜೆ ಜಂಬಣ್ಣ ತಮ್ಮ ಸ್ಕೂಟರಿನಲ್ಲಿ ಆ ಓಣಿಗೆ ಹೋಗಿ ಬರುವುದುಂಟು. ಇದು ಅವರೇ ಹಚ್ಚಿಕೊಂಡ ಕೆಲಸ, ಸಂಬಳಕ್ಕೆ ಸೇರಿದ್ದಲ್ಲ. ಹೆಂಗಸರಿಗೆ ಹೇಳಲು ಆಶಾ ಕಾರ್ಯಕರ್ತೆಯರಿದ್ದಾರೆ. ಇವರು ಹೋಗುವುದು ಗಂಡಸರಿರುವ ಕಡೆಗೆ. ಕಟಿಂಗ್ ಶಾಪು, ಟೀ ಅಂಗಡಿ, ಆಟೊ ಸ್ಟ್ಯಾಂಡು. ಮೊದಮೊದಲು ಒಂದು ಕಡೆ ‘ಹೆಂಗಸರ ಕಾಯಿಲೆ’ ಎಂದಷ್ಟೇ ಹೇಳಿ ವಾಪಸು ಬಂದುಬಿಟ್ಟರು. ಈಗ ಬಿಡಿಸಿ ಹೇಳುತ್ತಾರೆ.

ಮೊನ್ನೆ ಕಾಲೊನಿಯ ಕಟಿಂಗ್ ಶಾಪಿನಲ್ಲಿ ಅವರು ಮಾತಾಡಿದ್ದನ್ನು ನೋಡಲು ಸಿಕ್ಕಿತು. ಐದಾರು ಜನ ಇದ್ದರು. ‘ನಾಳೆ ಇಲ್ಲಿ ಗುಲಾಬಿ ಬಸ್ಸು ಬರುತ್ತೆ. ಎದೇಲಿ ಗಂಟೇನಾದ್ರೂ ಇದ್ರೆ ನೋಡ್ತಾರೆ. ಹೆಂಗಸ್ರು ತಾವಾಗಿ ಹೇಳಲ್ಲ, ನೀವೇ ಕೇಳಿ. ಹೆಂಡ್ತೀನೂ ಕೇಳಿ, ತಾಯೀನೂ ಕೇಳಿ’ ಎಂದರು. ಕನ್ನಡಿಯ ಮುಂದೆ ಕೂತಿದ್ದ ಒಬ್ಬ ಕಿಸಕ್ಕೆಂದ. ‘ಎಲ್ಲಾ ಬಿಟ್ಟು ಇದೇ ಸಿಕ್ತಾ ಅಣ್ಣ ನಿಮಗೆ?’ ಎಂದ.

ಜಂಬಣ್ಣನ ಮುಖ ಕೆಂಪಾಯಿತು. ಇನ್ನೂ ಆಗುತ್ತದೆ. ಆದರೆ ಎದ್ದು ಬರಲಿಲ್ಲ. ‘ನಗಪ್ಪ, ಪರ್ವಾಗಿಲ್ಲ. ನಕ್ಕಾದ್ಮೇಲೆ ಮನೆಗೆ ಹೋಗಿ ಕೇಳು. ನನ್ ಹೆಂಡ್ತಿಗೆ ಇತ್ತು. ನಾನು ಕೇಳಿರ್ಲಿಲ್ಲ’ ಎಂದರು. ಮೂಲೆಯಲ್ಲಿ ಪೇಪರ್ ಓದುತ್ತಿದ್ದ ವಯಸ್ಸಾದವರೊಬ್ಬರು ತಮಿಳು ಬೆರೆತ ಕನ್ನಡದಲ್ಲಿ, ‘ಎಷ್ಟು ಗಂಟೆಗೆ ತಂಬಿ?’ ಎಂದು ಕೇಳಿದರು.

ಇಷ್ಟನ್ನೂ ಪತ್ರಿಕೆಯಲ್ಲಿ ಬರೆಯಬಹುದೇ ಎಂದರೆ ಜಂಬಣ್ಣ ತಡಮಾಡದೆ ತಲೆಯಾಡಿಸುತ್ತಾರೆ. ಜಗದಾಂಬಾ ಅವರನ್ನೂ, ನಿಶಾಂತನನ್ನೂ ಕೇಳಿಯೇ ಬರೆಯಬೇಕು ಎಂಬುದೊಂದು ಅವರ ಷರತ್ತು. ಜಗದಾಂಬಾ ಒಪ್ಪಿದರು. ನಿಶಾಂತ್, ‘ಅಮ್ಮನ ಹೆಸರು ಹಾಕಿ. ಸೊಪ್ಪಿನ ಮಾಸ್ತಮ್ಮ ಅಂದ್ರೆ ನಮ್ ಮಾರ್ಕೆಟಲ್ಲಿ ಎಲ್ಲರ್ಗೂ ಗೊತ್ತು’ ಎಂದ.

ಬಸ್ಸು ತೊಳೆದಾಗಿದೆ. ಸುಷ್ಮಾ ಬಂದು ಒಳಗೆ ಯಂತ್ರ ಹಾಕಿ ಪರೀಕ್ಷಿಸುತ್ತಿದ್ದಾರೆ. ಹೊರಡುವ ಮುಂಚೆ, ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಜಂಬಣ್ಣ ಪ್ಯಾಂಟಿನ ಮಡಿಕೆ ಬಿಡಿಸಿ ಕೆಳಗಿಳಿಸಿಕೊಳ್ಳುತ್ತಾರೆ.

‘ಆಸೆ ಅಂತ ದೊಡ್ಡದೇನಿಲ್ಲ ಸಾರ್. ಜಗದಾಂಬಾ ಒಂದ್ಸಲ ಈ ಗಾಡಿ ಮುಂದಿನ ಸೀಟಲ್ಲಿ ಕೂತ್ಕೊಂಡು ಅವಳ ತವರಿನ ಬೀದಿಗೆ ಬರ್ಬೇಕು. ನಾನೇ ಓಡಿಸ್ಬೇಕು. ಹೋದ್ ವಾರ ಧೈರ್ಯ ಮಾಡಿ ಕರ್ದೆ.’

ಏನೆಂದರು?

‘ನೋಡೋಣ ಅಂದ್ಲು.’ ಅವರು ಕ್ಯಾಬಿನ್ ಹತ್ತಿ ಬಾಗಿಲು ಎಳೆದುಕೊಳ್ಳುತ್ತಾರೆ. ‘ಇಲ್ಲ ಅಂದಿಲ್ಲ.’